ಪೈಪು ಜೋಡಿಸಿದ ಕೈ ನಾಡಿ ಹಿಡಿಯಬಲ್ಲದೇ?

ಪ್ರಶ್ನೆ: ನನಗೆ 28 ವರ್ಷ. ಆರ್ಟ್ಸ್ ತೆಗೆದುಕೊಂಡು ಪಿಯುಸಿ ಪಾಸಾದೆ, ಆಮೇಲೆ ಐಟಿಐಯಲ್ಲಿ ಫಿಟರ್ ಕಲಿತೆ. ಈಗ ಬೆಂಗಳೂರಿನಲ್ಲಿ ಪೈಪ್ ಫಿಟರ್ ಆಗಿದ್ದೇನೆ. ಕಳೆದ ವರ್ಷ ಕಂಟ್ರಾಕ್ಟರ್ ಜೊತೆ ಒಂದು ಆಸ್ಪತ್ರೆಗೆ ಆಕ್ಸಿಜನ್ ಲೈನ್ ಎಳೆಯಲು ಹೋಗಿದ್ದೆ. ಪಕ್ಕದ ಬ್ಲಾಕಿನಲ್ಲಿ ವಾರ್ಡು ನಡೆಯುತ್ತಿತ್ತು. ಅಲ್ಲಿ ಗಂಡಸರು ನರ್ಸ್ ಕೆಲಸ ಮಾಡುವುದನ್ನು ನೋಡಿದ ದಿನದಿಂದ ನಾನೂ ಅದನ್ನೇ ಮಾಡಬೇಕು ಅನ್ನಿಸಿಬಿಟ್ಟಿದೆ. ನನ್ನ ವಯಸ್ಸು ಮೀರಿತೇ? ಸೈನ್ಸ್ ಓದದವನಿಗೆ ಸೀಟು ಸಿಗುತ್ತದೆಯೇ? ದುಡಿಯುತ್ತಲೇ ಸಂಜೆ ಹೊತ್ತು ಓದಬಹುದೇ? ಅವ್ವ ಮಾತ್ರ ‘ಕೈಯಾಗಿನ ಕಸಬು ಬಿಟ್ಟು ಹೆಣ್ಮಕ್ಕಳ ಕೆಲಸಕ್ಕ ಹೋಗ್ತೀಯೇನೋ’ ಅಂತಾಳೆ. ಇಷ್ಟು ವರ್ಷ ಕಲಿತ ಕಸಬು ನೀರುಪಾಲಾಗುತ್ತದೆಯೇ?
– ಕೊಪ್ಪಳ ಜಿಲ್ಲೆಯ ಓದುಗರು

ಉತ್ತರ: ವಯಸ್ಸು ಮೀರಿಲ್ಲ. ಸೈನ್ಸ್ ಇಲ್ಲದೆಯೂ ದಾರಿ ಇದೆ. ಸಂಜೆ ಹೊತ್ತು ಓದಿ ನರ್ಸ್ ಆಗಲು ಮಾತ್ರ ಬರುವುದಿಲ್ಲ. ಕಸಬು ನೀರುಪಾಲಾಗುತ್ತದೆಯೇ ಎಂಬ ಪ್ರಶ್ನೆಗೆ ಒಂದು ಸಾಲಿನಲ್ಲಿ ಉತ್ತರಿಸಲಾರೆ. ಬಂದ ಪತ್ರಗಳಲ್ಲಿ ನಿಮ್ಮದನ್ನು ಎತ್ತಿಕೊಂಡದ್ದೇ ಆ ಪ್ರಶ್ನೆಗಾಗಿ. ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಾ, ಅವರೊಡನೆ ವಾರ್ಡಿನಲ್ಲಿ ನಿಲ್ಲುತ್ತಾ ಬಂದವಳು ನಾನು. ಗಾರೆ ಕೆಲಸ, ವೈರಿಂಗ್, ಗ್ಯಾರೇಜು ಬಿಟ್ಟು ಬಂದವರೂ ನನ್ನ ತರಗತಿಗಳಲ್ಲಿ ಇದ್ದರು. ಅವರನ್ನು ನೆನೆದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ದಾರಿಯ ಮಾತು. ನಿಮಗೆ ಹೊಂದುವುದು ಜಿಎನ್‌ಎಂ, ಅಂದರೆ ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ ಡಿಪ್ಲೊಮಾ. ಒಟ್ಟು 3 ವರ್ಷ, ಅದರಲ್ಲಿ 6 ತಿಂಗಳು ಇಂಟರ್ನ್‌ಶಿಪ್. ಇಂಡಿಯನ್ ನರ್ಸಿಂಗ್ ಕೌನ್ಸಿಲ್ಲಿನ ನಿಯಮದಂತೆ ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದರೂ ನಡೆಯುತ್ತದೆ. ಇಂಗ್ಲಿಷ್ ಒಂದು ವಿಷಯವಾಗಿದ್ದು ಅದರಲ್ಲಿ ಪಾಸಾಗಿರಬೇಕು, ಒಟ್ಟಾರೆ ಶೇ 40 ಅಂಕ ಬಂದಿರಬೇಕು. ವಯಸ್ಸು 17ಕ್ಕೆ ಕಡಿಮೆ ಇರಬಾರದು, 35 ದಾಟಿರಬಾರದು. ಈ ವರ್ಷವೇ ಸೇರಿದರೆ 31ಕ್ಕೆಲ್ಲ ಮುಗಿಸಿರುತ್ತೀರಿ. 4 ವರ್ಷದ ಬಿ.ಎಸ್ಸಿ. ನರ್ಸಿಂಗ್‌ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇರಲೇಬೇಕು, ಹಾಗಾಗಿ ಸದ್ಯಕ್ಕೆ ಅದನ್ನು ಬದಿಗಿಡಿ. ಜಿಎನ್‌ಎಂ ಮುಗಿಸಿದವರಿಗೆ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಇದೆ, ಅಲ್ಲಿಂದ ಎಂ.ಎಸ್ಸಿ.ವರೆಗೂ ಹೋಗಬಹುದು. ಎಸ್ಸೆಸ್ಸೆಲ್ಸಿ ಆದ ಮೇಲೆ ನೇರ ಐಟಿಐಗೆ ಹೋದ ಗೆಳೆಯರು ನಿಮಗಿರಬಹುದು. ಅವರಿಗೆ ಐಟಿಐ ಸರ್ಟಿಫಿಕೇಟ್ ಒಂದೇ ಸಾಲದು. ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಇಂಗ್ಲಿಷ್ ಸಮೇತ 12ನೇ ತರಗತಿ ಪಾಸು ಮಾಡಿಕೊಂಡರೆ ಅವರಿಗೂ ಬಾಗಿಲು ತೆರೆಯುತ್ತದೆ.

ಸಂಜೆ ಕಾಲೇಜು ಯಾಕಿಲ್ಲ ಅಂದರೆ, ಈ ಓದಿನ ಹೆಚ್ಚಿನ ಪಾಲು ನಡೆಯುವುದು ರೋಗಿಯ ಪಕ್ಕದಲ್ಲಿ. ತರಗತಿಯಲ್ಲೂ ವಾರ್ಡಿನಲ್ಲೂ ಶೇ 80 ಹಾಜರಿ ಇಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ. ಕೊನೆಗೆ ಸರ್ಟಿಫಿಕೇಟ್ ಕೈಗೆ ಬರಬೇಕಾದರೆ ವಾರ್ಡಿನ ತರಬೇತಿ ನೂರಕ್ಕೆ ನೂರು ಮುಗಿದಿರಬೇಕು. ಬೆಳಗಿನ ಡ್ಯೂಟಿಯಂತೆ ರಾತ್ರಿ ಡ್ಯೂಟಿಯೂ ವಿದ್ಯಾರ್ಥಿಗಳ ಪಾಲಿಗೆ ಬರುತ್ತದೆ. ರಜೆಯಲ್ಲಿ ನಾಲ್ಕು ದಿನ ಹಳೆ ಮೇಸ್ತ್ರಿಯ ಜೊತೆ ಹೋಗಿ ಕೈಖರ್ಚಿಗೆ ದುಡಿಯಬಹುದು, ಅದಕ್ಕಿಂತ ಹೆಚ್ಚಿನದನ್ನು ನೆಚ್ಚಿಕೊಳ್ಳಬೇಡಿ.

ಇಲ್ಲಿಯೇ ಒಂದು ಎಚ್ಚರಿಕೆ ಹೇಳಬೇಕು, ಇದು ನನ್ನನ್ನು ಬಹಳ ಕಾಡುವ ವಿಷಯ. ‘ಆರೇ ತಿಂಗಳಲ್ಲಿ ನರ್ಸ್’, ‘ಒಂದು ವರ್ಷದ ನರ್ಸಿಂಗ್, ಕೆಲಸ ಗ್ಯಾರಂಟಿ’ ಎಂದು ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ ಅಂಟಿಸಿರುತ್ತಾರೆ. ಆ ಕೋರ್ಸು ಮಾಡಿದವರು ಆಸ್ಪತ್ರೆಯಲ್ಲಿ ಸಹಾಯಕರಾಗಿ ದುಡಿಯಬಹುದು, ಆ ದುಡಿಮೆಗೂ ಮರ್ಯಾದೆ ಇದೆ. ಆದರೆ ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನಲ್ಲಿ ಅವರ ಹೆಸರು ನರ್ಸ್ ಎಂದು ನೋಂದಣಿ ಆಗುವುದಿಲ್ಲ. ನೋಂದಣಿ ಇಲ್ಲದವರು ಕಾನೂನಿನ ಕಣ್ಣಲ್ಲಿ ನರ್ಸ್ ಅಲ್ಲ. ಹೊಲ ಒತ್ತೆ ಇಟ್ಟು ಫೀಸು ಕಟ್ಟಿ, ಕೊನೆಗೆ ಈ ಸತ್ಯ ತಿಳಿದು ಕಣ್ಣೀರು ಹಾಕಿದ ತಂದೆತಾಯಿಯರನ್ನು ನೋಡಿದ್ದೇನೆ. ಫೀಸು ಕಟ್ಟುವ ಮೊದಲು ಕಾಲೇಜಿಗೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನ ಮಾನ್ಯತೆ ಇದೆಯೇ, ಜಿಎನ್‌ಎಂ ಪರೀಕ್ಷೆ ನಡೆಸುವ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯ ಪಟ್ಟಿಯಲ್ಲಿ ಅದರ ಹೆಸರಿದೆಯೇ ಎಂದು ನೀವೇ ವಿಚಾರಿಸಿ, ಏಜೆಂಟನ ಬಾಯಿಮಾತು ನಂಬಬೇಡಿ. ವಿದ್ಯಾರ್ಥಿಗಳನ್ನು ಯಾವ ಆಸ್ಪತ್ರೆಗೆ ಕಳಿಸುತ್ತಾರೆ, ಅಲ್ಲಿ ಎಷ್ಟು ಹಾಸಿಗೆ ಇವೆ ಎಂದು ಕೇಳಿ. ಸಾಧ್ಯವಾದರೆ ಹೋಗಿ ನೋಡಿ. ಖಾಲಿ ವಾರ್ಡಿನಲ್ಲಿ ಕಲಿತ ನರ್ಸ್, ನೀರು ಬಿಟ್ಟು ನೋಡದ ಪೈಪ್‌ಲೈನ್ ಇದ್ದಂತೆ. ಇದರ ಅರ್ಥ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ. ಮೂರು ವರ್ಷ ಸಂಪಾದನೆ ನಿಲ್ಲುತ್ತದೆ. ಮಾನ್ಯತೆ ಇರುವ ನರ್ಸಿಂಗ್ ಕೋರ್ಸಿಗೆ ಬ್ಯಾಂಕಿನ ಶಿಕ್ಷಣ ಸಾಲ ಸಿಗುತ್ತದೆ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗೆ ಕೈಯಿಂದ ಪಾಲು ಹಾಕಬೇಕಿಲ್ಲ, 7.5 ಲಕ್ಷದವರೆಗೆ ಸರ್ಕಾರದ ಖಾತರಿ ನಿಧಿಯ ಆಸರೆ ಇರುವುದರಿಂದ ಆಸ್ತಿ ಅಡ ಇಡಬೇಕಿಲ್ಲ. ಆದರೆ ಕಲಿತು ಹೊರಬಂದಾಗ ಖಾಸಗಿ ಆಸ್ಪತ್ರೆ ಕೊಡುವ ಮೊದಲ ಪಗಾರ, ನೀವು ಈಗ ಎಣಿಸುವುದಕ್ಕಿಂತ ಕಡಿಮೆ ಇರಬಹುದು. ಖಾಸಗಿ ನರ್ಸ್‌ಗಳ ಸಂಬಳದ ಬಗ್ಗೆ 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಮಿತಿ ರಚಿಸಲು ಹೇಳಿತು. 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಕೂಡದು, 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸ್‌ಗೆ ಸಮನಾಗಿರಬೇಕು ಎಂದು ಆ ಸಮಿತಿ ಶಿಫಾರಸು ಮಾಡಿತು. ಜಾರಿಯನ್ನು ರಾಜ್ಯಗಳಿಗೆ ಬಿಡಲಾಯಿತು. ಆ ಶಿಫಾರಸು ಕಾಗದದಲ್ಲೇ ಉಳಿದಿರುವ ಎಷ್ಟೋ ಆಸ್ಪತ್ರೆಗಳಿವೆ. ಇದು ಅನ್ಯಾಯ, ಇದನ್ನು ಅನ್ಯಾಯ ಎಂದೇ ಕರೆಯಬೇಕು. ಅನುಭವ, ವಿಶೇಷ ತರಬೇತಿ, ಸರ್ಕಾರಿ ನೇಮಕಾತಿ ಇವುಗಳಿಂದ ಮುಂದೆ ಪಗಾರ ಏರುತ್ತದೆ ನಿಜ, ಆದರೂ ಮೊದಲ ಎರಡು-ಮೂರು ವರ್ಷ ಕೈ ಬಿಗಿ ಹಿಡಿದು ಬದುಕುವ ತಯಾರಿ ಇರಲಿ. ಸೇರುವ ಮೊದಲು ಒಂದಿಷ್ಟು ಹಣ ಕೂಡಿಡಿ. ಒರಿಜಿನಲ್ ಮಾರ್ಕ್ಸ್‌ಕಾರ್ಡುಗಳನ್ನು ಯಾವ ಆಸ್ಪತ್ರೆಯ ಕೈಗೂ ಒತ್ತೆ ಕೊಡಬೇಡಿ.

ಈಗ ಕಸಬಿಗೆ ಬರೋಣ.

ನೀವು ಎಳೆದ ತಾಮ್ರದ ಲೈನಿನ ಇನ್ನೊಂದು ತುದಿಯಲ್ಲಿ ನಿಂತಿರುವವರು ನಾವು. ನೀವು ಬ್ರೇಜಿಂಗ್ ಮಾಡಿ, ಒತ್ತಡ ಕೊಟ್ಟು, ಗೇಜಿನ ಮುಳ್ಳು ಕದಲದೆ ನಿಂತಿದೆ ಎಂದು ನೋಡಿ ಬಿಟ್ಟುಹೋದ ಲೈನಿನಲ್ಲಿ ಸುಮಾರು 4 ಬಾರ್ ಒತ್ತಡದ ಆಕ್ಸಿಜನ್ ಬರುತ್ತದೆ. ಗೋಡೆಯ ಔಟ್‌ಲೆಟ್ಟಿಗೆ ಫ್ಲೋಮೀಟರ್ ಸಿಕ್ಕಿಸಿ, ರೋಗಿಗೆ ನಿಮಿಷಕ್ಕೆ ಎಷ್ಟು ಲೀಟರ್ ಬೇಕೋ ಅಷ್ಟು ಬಿಡುವುದು ನಮ್ಮ ಕೆಲಸ. ಆಕ್ಸಿಜನ್ ರೆಗ್ಯುಲೇಟರಿಗೆ ಎಣ್ಣೆ, ಗ್ರೀಸು ತಾಗಿಸಬಾರದು ಎಂದು ನಮ್ಮ ಮಕ್ಕಳು ಪುಸ್ತಕದಿಂದ ಬಾಯಿಪಾಠ ಮಾಡುತ್ತಾರೆ. ಒತ್ತಡದ ಆಕ್ಸಿಜನ್ನಿಗೆ ಎಣ್ಣೆ ಸಿಕ್ಕರೆ ಹೇಗೆ ಹೊತ್ತಿಕೊಳ್ಳುತ್ತದೆ ಎಂಬುದು ಗ್ಯಾಸ್ ಕಟಿಂಗ್ ಸೆಟ್ ಹಿಡಿದವರಿಗೆ ಮೊದಲ ದಿನವೇ ಗೊತ್ತಾಗಿರುತ್ತದೆ. ಆಕ್ಸಿಜನ್ ಹಾಕಿರುವ ರೋಗಿಯ ಒಣಗಿದ ತುಟಿಗೆ ವ್ಯಾಸಲೀನ್ ಹಚ್ಚಬೇಡಿ, ನೀರಿನಂಶದ ಜೆಲ್ ಹಚ್ಚಿ ಎಂದು ನಾನು ಹೇಳಿದಾಗ ಯಾಕೆ ಎಂದು ನೀವು ಕೇಳುವುದಿಲ್ಲ.

ಸಿಲಿಂಡರಿನ ಲೆಕ್ಕವೂ ನಿಮಗೆ ಹೊಸದಲ್ಲ. ರೋಗಿಯನ್ನು ಆಂಬುಲೆನ್ಸಿನಲ್ಲಿ ಕಳಿಸುವಾಗ ಬಳಸುವ ಬಿ ಟೈಪ್ ಸಿಲಿಂಡರ್ ತುಂಬಿದ್ದರೆ ಸುಮಾರು 1,500 ಲೀಟರ್ ಅನಿಲ ಕೊಡುತ್ತದೆ. ನಿಮಿಷಕ್ಕೆ 5 ಲೀಟರಿನಂತೆ ಬಿಟ್ಟರೆ 300 ನಿಮಿಷ, ಅಂದರೆ 5 ಗಂಟೆ. ಗೇಜು ಅರ್ಧ ತೋರಿಸುತ್ತಿದ್ದರೆ ಎರಡೂವರೆ ಗಂಟೆ. ಗಂಗಾವತಿಯಿಂದ ಹುಬ್ಬಳ್ಳಿಗೆ ರೋಗಿಯನ್ನು ಕಳಿಸುವಾಗ ಈ ಲೆಕ್ಕ ತಪ್ಪಿದರೆ ನಡುದಾರಿಯಲ್ಲಿ ಏನೂ ಮಾಡಲಾಗದು. ಡ್ರಿಪ್ಪಿನದೂ ಇಂಥದೇ ಲೆಕ್ಕ. ಮಿಲಿಲೀಟರಿಗೆ 20 ಹನಿ ಬೀಳುವ ಸೆಟ್ಟಿನಲ್ಲಿ 500 ಮಿ.ಲೀ. ಸಲೈನ್ 4 ಗಂಟೆಯಲ್ಲಿ ಹೋಗಬೇಕೆಂದರೆ 500ನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಬೇಕು. ನಿಮಿಷಕ್ಕೆ ಸುಮಾರು 42 ಹನಿ. ಇಂಗ್ಲಿಷ್ ಮೀಡಿಯಂ ಮಕ್ಕಳು ಈ ಲೆಕ್ಕದಲ್ಲಿ ತಡವರಿಸುತ್ತಿದ್ದಾಗ, ಗಾರೆ ಕೆಲಸದಿಂದ ಬಂದ ಹುಡುಗನೊಬ್ಬ ಬೆರಳಲ್ಲೇ ಎಣಿಸಿ ಉತ್ತರ ಹೇಳಿದ್ದ.

ಎದೆಗೂಡಿನಲ್ಲಿ ಗಾಳಿ ಸೇರಿಕೊಂಡ ರೋಗಿಗೆ ಟ್ಯೂಬು ಹಾಕಿ, ಅದರ ತುದಿಯನ್ನು ಬಾಟಲಿಯಲ್ಲಿರುವ ನೀರಿನೊಳಗೆ ಸುಮಾರು 2 ಸೆಂಟಿಮೀಟರ್ ಮುಳುಗಿಸಿ ಇಡುತ್ತೇವೆ. ಒಳಗಿನ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ, ಹೊರಗಿನದು ಒಳಗೆ ಹೋಗುವುದಿಲ್ಲ. ಬಾಟಲಿ ಎಂದೂ ಎದೆಯ ಮಟ್ಟಕ್ಕಿಂತ ಮೇಲೆ ಹೋಗಕೂಡದು. ನೀರು ನಿಲ್ಲಿಸಿ ಗಾಳಿ ತಡೆಯುವುದು ಪೈಪು ಹಾಕುವವರಿಗೆ ದಿನನಿತ್ಯದ ಕೆಲಸ, ಆದ್ದರಿಂದ ಇದರ ತತ್ವವನ್ನು ನಿಮಗೆ ಚಿತ್ರ ಬರೆದು ತೋರಿಸುವ ಅಗತ್ಯ ಬರುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ಗೋಡೆ ಮುಚ್ಚುವ ಮೊದಲು ಪ್ರತಿ ಜಾಯಿಂಟ್ ಪರೀಕ್ಷೆ ಮಾಡುತ್ತೀರಿ. ಆಕ್ಸಿಜನ್ ಎಂದು ಬರೆದಿರುವ ಔಟ್‌ಲೆಟ್ಟಿನಲ್ಲಿ ಆಕ್ಸಿಜನ್ನೇ ಬರುತ್ತಿದೆಯೇ ಎಂದು ಒಂದೊಂದನ್ನೂ ಅಳೆಯದೆ ಲೈನು ಒಪ್ಪಿಸುವುದಿಲ್ಲ, ಯಾಕೆಂದರೆ ಎರಡು ಲೈನು ಅದಲುಬದಲಾದರೆ ಜೀವ ಹೋಗುತ್ತದೆ. ಔಷಧ ಕೊಡುವಾಗ ನರ್ಸ್ ಮಾಡುವುದೂ ಇದನ್ನೇ. ಇದೇ ರೋಗಿಯೇ, ಇದೇ ಔಷಧವೇ, ಪ್ರಮಾಣ ಸರಿಯೇ, ಬಾಯಿಗೋ ರಕ್ತನಾಳಕ್ಕೋ, ಹೊತ್ತು ಸರಿಯೇ ಎಂದು ಪ್ರತಿಸಲ ನೋಡಬೇಕು. ಬೆಳಿಗ್ಗೆ ನೋಡಿದ್ದೆ ಎಂದು ಮಧ್ಯಾಹ್ನ ಬಿಡುವಂತಿಲ್ಲ. ಚೀಟಿಯ ಮೇಲೆ ಬರೆದದ್ದನ್ನು ನಂಬಿ ಸುಮ್ಮನಾಗದೆ ಮತ್ತೆ ಪರೀಕ್ಷಿಸುವ ಗುಣವನ್ನು ಹದಿನೆಂಟರ ಮಕ್ಕಳಲ್ಲಿ ಬೆಳೆಸಲು ನನಗೆ ಮೂರು ವರ್ಷ ಹಿಡಿಯುತ್ತದೆ. ನಿಮ್ಮ ಕೈಗೆ ಅದು ಆಗಲೇ ಅಂಟಿದೆ. ಕಸಬು ನೀರುಪಾಲಾಗುವುದಿಲ್ಲ ಎಂದು ನಾನು ಧೈರ್ಯವಾಗಿ ಹೇಳುವುದು ಇದರಿಂದಲೇ.

ಆದರೆ ಕಸಬಿನವರು ಬಿಟ್ಟುಕೊಡಬೇಕಾದದ್ದೂ ಇದೆ, ಅವರು ಎಡವುವುದು ಅಲ್ಲಿಯೇ. ನಿಮ್ಮ ಕೆಲಸಕ್ಕೆ ಮುಗಿಯಿತು ಎಂಬ ಗಳಿಗೆ ಇದೆ. ಲೈನು ಹಿಡಿಯಿತು, ಸಹಿ ಬಿತ್ತು, ಸಾಮಾನು ಕಟ್ಟಿದಿರಿ. ವಾರ್ಡಿನಲ್ಲಿ ಅಂಥ ಗಳಿಗೆ ಬರುವುದಿಲ್ಲ. ಒಬ್ಬರಿಗೆ ಸ್ನಾನ ಮಾಡಿಸಿ, ಹುಣ್ಣು ತೊಳೆದು, ಮಗ್ಗುಲು ಬದಲಿಸಿ ಬರುವಷ್ಟರಲ್ಲಿ ಅವರ ಹಾಸಿಗೆ ಮತ್ತೆ ಒದ್ದೆಯಾಗಿರುತ್ತದೆ. ಪಾಳಿ ಮುಗಿದಾಗ ಅರ್ಧ ಕೆಲಸವನ್ನು ಮುಂದಿನವರ ಕೈಗೆ ಒಪ್ಪಿಸಿ ಹೋಗಬೇಕು. ಏನು ಮಾಡಿದಿರಿ, ಏನು ಬಾಕಿ ಇದೆ, ಯಾರ ಮೇಲೆ ಹೆಚ್ಚು ಕಣ್ಣಿಡಬೇಕು ಎಂದು ಹಾಸಿಗೆ ಹಾಸಿಗೆಗೂ ನಿಂತು ಹೇಳಬೇಕು, ಬರೆಯಬೇಕು. ಬರೆಯುವುದರಲ್ಲೇ ಕಸಬಿನವರಿಗೆ ಬೇಸರ. ಮಾಡಿದೆನಲ್ಲ, ಬರೆಯುವುದೇಕೆ ಅನ್ನುತ್ತಾರೆ. ಇಂಜೆಕ್ಷನ್ ಕೊಟ್ಟದ್ದನ್ನು ಬರೆಯದಿದ್ದರೆ ರಾತ್ರಿ ಪಾಳಿಯವರು ಇನ್ನೊಂದು ಕೊಟ್ಟುಬಿಡಬಹುದು. ಈ ಬರವಣಿಗೆ ಇಂಗ್ಲಿಷಿನಲ್ಲಿ ಇರುತ್ತದೆ, ಪಠ್ಯಪುಸ್ತಕಗಳೂ ಹಾಗೆಯೇ. ಕನ್ನಡ ಮಾಧ್ಯಮದವರು ಮೊದಲ ಆರು ತಿಂಗಳು ಒದ್ದಾಡುತ್ತಾರೆ, ಆಮೇಲೆ ಅದೇ ಪದಗಳು ದಿನಾ ಬರುವುದರಿಂದ ಕೈ ಕುದುರುತ್ತದೆ. ಅಂಗರಚನೆಯ ಹೆಸರುಗಳನ್ನು ಈಗಿನಿಂದಲೇ ದಿನಕ್ಕೆ ಐದರಂತೆ ಕಲಿಯಿರಿ.

ಇನ್ನೊಂದು, ಕೇಳಿಸಿಕೊಳ್ಳುವುದು. ಪೈಪಿಗೆ ಭಯವಿಲ್ಲ. ರೋಗಿಗೆ ಸೂಜಿಯ ಭಯ, ಬಿಲ್ಲಿನ ಭಯ, ಮನೆಯಲ್ಲಿ ಬಿಟ್ಟುಬಂದ ದನದ ಚಿಂತೆ ಎಲ್ಲವೂ ಇರುತ್ತದೆ. ‘ಯಾಕೋ ಸಂಕಟ ಆಗ್ತಿದೆ ಬ್ರದರ್’ ಎಂದು ಅವರು ಹೇಳಿದ ಒಂದು ಮಾತನ್ನು ಕಿವಿಗೆ ಹಾಕಿಕೊಂಡು ಬಿ.ಪಿ. ನೋಡಿದ್ದರಿಂದಲೇ ಉಳಿದ ಜೀವಗಳಿವೆ. ಮುಟ್ಟುವ ಮೊದಲು ಏನು ಮಾಡುತ್ತೇನೆಂದು ಹೇಳಿ, ಒಪ್ಪಿಗೆ ಕೇಳಿ. ಹೆಣ್ಣು ರೋಗಿಗಳಾದರೆ ಜೊತೆಗೆ ಮಹಿಳಾ ಸಿಬ್ಬಂದಿ ಒಬ್ಬರಿರಲಿ, ಪರದೆ ಎಳೆದಿರಲಿ. ನಿಮಗಿಂತ ಐದು ವರ್ಷ ಚಿಕ್ಕ ಸಿಸ್ಟರ್ ನಿಮಗೆ ಬೆಡ್‌ಪ್ಯಾನ್ ಹಿಡಿಯಲು ಹೇಳುತ್ತಾರೆ. ಸೈಟಿನಲ್ಲಿ ಹೆಲ್ಪರ್‌ಗಳನ್ನು ಕೂಗಿ ಕರೆದವರಿಗೆ ಇದು ಮೊದಮೊದಲು ಚುಚ್ಚುತ್ತದೆ. ಚುಚ್ಚಲಿ, ಹಿಡಿಯಿರಿ.

ಕೈಯ ಬಗ್ಗೆ ಎರಡು ಮಾತು. ದಡ್ಡುಗಟ್ಟಿದ ಬೆರಳಿಗೆ ರಕ್ತನಾಳದ ಮೆತ್ತನೆ ಉಬ್ಬು ಬೇಗ ತಿಳಿಯುವುದಿಲ್ಲ. ದಡ್ಡು ಕಡಿಮೆ ಇರುವ ಎಡಗೈಯ ತೋರುಬೆರಳಲ್ಲಿ ಹುಡುಕುವುದು ರೂಢಿ ಮಾಡಿಕೊಳ್ಳಿ. ನಾಡಿ ನೋಡುವಾಗ ಹೆಬ್ಬೆರಳು ಬೇಡ, ಅದರಲ್ಲಿ ನಿಮ್ಮದೇ ನಾಡಿ ಮಿಡಿಯುತ್ತಿರುತ್ತದೆ. ಕಬ್ಬಿಣ ಎತ್ತಿದ ಬೆನ್ನು ನನ್ನದು ಎಂದು ರೋಗಿಯನ್ನು ಒಬ್ಬರೇ ಎತ್ತಲು ಹೋಗಬೇಡಿ. ಪೈಪಿನಂತೆ ಮನುಷ್ಯನ ಮೈ ನೇರ ನಿಲ್ಲುವುದಿಲ್ಲ, ನಡುವೆ ಕುಸಿಯುತ್ತದೆ, ನಿಮ್ಮ ಕುತ್ತಿಗೆಗೆ ಜೋತುಬೀಳುತ್ತದೆ. ಬೆನ್ನುಮೂಳೆಗೆ ಪೆಟ್ಟಾದವರನ್ನಂತೂ ಮೂರು-ನಾಲ್ಕು ಜನ ಒಟ್ಟಿಗೆ, ತಲೆ ಹಿಡಿದವರ ಎಣಿಕೆಗೆ ಸರಿಯಾಗಿ ಹೊರಳಿಸಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸನ್ನು, ಅಂದರೆ ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು, ಕೋರ್ಸು ಶುರುವಾಗುವಾಗಲೇ ಹಾಕಿಸಿಕೊಳ್ಳಲು ತೊಡಗಿ. ಸೂಜಿ ಚುಚ್ಚಿಕೊಂಡರೆ ಸೈಟಿನಲ್ಲಿ ಮಾಡುವಂತೆ ಬಟ್ಟೆ ಸುತ್ತಿ ಮುಂದುವರಿಯಬಾರದು. ಸೋಪು, ನೀರಿನಲ್ಲಿ ತೊಳೆದು ಕೂಡಲೇ ತಿಳಿಸಬೇಕು. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಆದಷ್ಟು ಬೇಗ, ತಡವೆಂದರೂ 72 ಗಂಟೆಯೊಳಗೆ ಶುರುವಾಗಬೇಕು.

ಇನ್ನು ನಿಮ್ಮ ಅವ್ವನ ಮಾತು. ನರ್ಸಿಂಗ್ ಹೆಂಗಸರ ಕೆಲಸ ಎಂಬ ನಂಬಿಕೆ ಗಟ್ಟಿಯಾಗಿ ಬೇರು ಬಿಟ್ಟದ್ದು ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮಹಿಳೆಯರಿಗಾಗಿ ಶಾಲೆ ತೆರೆದ ಮೇಲೆ. ಹೆಣ್ಣುಮಕ್ಕಳಿಗೆ ಗೌರವದ ದುಡಿಮೆಯೊಂದು ದಕ್ಕಿದ್ದು ಅದರಿಂದಲೇ, ಆ ಋಣ ದೊಡ್ಡದು. ಆದರೆ ಅದಕ್ಕೂ ಮೂರು ಶತಮಾನ ಹಿಂದೆ ಇಟಲಿಯಲ್ಲಿ ಕಮಿಲ್ಲಸ್ ದೆ ಲೆಲ್ಲಿಸ್ ಎಂಬಾತನಿದ್ದ. 1550ರಲ್ಲಿ ಹುಟ್ಟಿದವನು, ಆಜಾನುಬಾಹು. ಸೈನಿಕನಾಗಿದ್ದ, ಜೂಜಿನಲ್ಲಿ ಎಲ್ಲ ಕಳೆದುಕೊಂಡ, ಹೊಟ್ಟೆಪಾಡಿಗೆ ಮನ್‌ಫ್ರೆಡೋನಿಯಾ ಎಂಬ ಊರಲ್ಲಿ ಕಪುಚಿನ್ ಸನ್ಯಾಸಿಗಳ ಮಠ ಕಟ್ಟುವಲ್ಲಿ ಕೂಲಿಗೆ ನಿಂತ. ಅವನ ಕಾಲಲ್ಲಿ ವಾಸಿಯಾಗದ ಹುಣ್ಣಿತ್ತು. ಅದಕ್ಕಾಗಿ ರೋಮಿನ ಆಸ್ಪತ್ರೆ ಸೇರಿದವನು ಅಲ್ಲಿಯೇ ರೋಗಿಗಳ ಸೇವೆಗೆ ನಿಂತು, ಮುಂದೆ ಅದರ ಮೇಲ್ವಿಚಾರಕನಾದ. ರೋಗಿಗಳನ್ನು ನೋಡಿಕೊಳ್ಳಲೆಂದೇ ಗಂಡಸರ ಒಂದು ಸಂಘ ಕಟ್ಟಿದ, 1586ರಲ್ಲಿ ಪೋಪರು ಅದಕ್ಕೆ ಒಪ್ಪಿಗೆ ಕೊಟ್ಟರು. ಅವರ ಕರಿ ನಿಲುವಂಗಿಯ ಮೇಲೆ ಕೆಂಪು ಶಿಲುಬೆ ಇರುತ್ತಿತ್ತು, ನಮಗೆ ಗೊತ್ತಿರುವ ರೆಡ್ ಕ್ರಾಸ್ ಹುಟ್ಟುವುದಕ್ಕೆ ಎಷ್ಟೋ ಮೊದಲು. ಕ್ಯಾಥೊಲಿಕರು ಇಂದು ನರ್ಸ್‌ಗಳ ಪಾಲಕ ಸಂತ ಎಂದು ನೆನೆಯುವುದು ಈ ಕೂಲಿಕಾರನನ್ನು. ಅವನ ಸಂಘದವರೇ ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ ಎಚ್‌ಐವಿ ಬಾಧಿತರ ಆರೈಕೆಗೆ ‘ಸ್ನೇಹದಾನ’ ನಡೆಸಿಕೊಂಡು ಬಂದಿದ್ದಾರೆ. ಅವ್ವನಿಗೆ ಈ ಕಥೆ ಹೇಳಿ. ಅದಕ್ಕಿಂತ ಒಳ್ಳೆಯದು, ಒಂದು ದಿನ ಜಿಲ್ಲಾ ಆಸ್ಪತ್ರೆಗೆ ಅವರನ್ನು ಕರೆದುಕೊಂಡು ಹೋಗಿ ಗಂಡು ನರ್ಸ್ ಕೆಲಸ ಮಾಡುವುದನ್ನು ತೋರಿಸಿ.

ಗಂಡಸರಿಗೆ ಅಡ್ಡಿಗಳು ಇಲ್ಲವೆಂದಲ್ಲ. ಏಮ್ಸ್ ಸಂಸ್ಥೆಗಳ ನರ್ಸಿಂಗ್ ಹುದ್ದೆಗಳಲ್ಲಿ ಶೇ 80 ಮಹಿಳೆಯರಿಗೆ ಎಂದು 2019ರಲ್ಲಿ ತೀರ್ಮಾನವಾಯಿತು. ಕೆಲವು ಖಾಸಗಿ ಆಸ್ಪತ್ರೆಗಳು ಗಂಡಸರನ್ನು ತುರ್ತು ವಿಭಾಗಕ್ಕೆ, ಐಸಿಯುಗೆ ಮಾತ್ರ ತೆಗೆದುಕೊಳ್ಳುತ್ತವೆ. ಹೆರಿಗೆಯ ಪಾಠ, ಪರೀಕ್ಷೆ ನಿಮಗೂ ಇರುತ್ತದೆ, ಅದರಲ್ಲಿ ಸಂಕೋಚ ಪಟ್ಟರೆ ನಷ್ಟ ನಿಮಗೇ.

ನಿಮ್ಮಂಥವರು ಯಾವ ವಿಭಾಗದಲ್ಲಿ ಅರಳುತ್ತಾರೆ ಎಂದರೆ, ಆಪರೇಷನ್ ಥಿಯೇಟರ್, ಐಸಿಯು, ಮತ್ತು ನನ್ನ ಮನಸ್ಸಿಗೆ ಎಲ್ಲಕ್ಕಿಂತ ಮೊದಲು ಬರುವುದು ಡಯಾಲಿಸಿಸ್. ಸಾಮಾನ್ಯವಾಗಿ ಯಂತ್ರದೊಳಗೆ ನಿಮಿಷಕ್ಕೆ 500 ಮಿ.ಲೀ.ನಂತೆ 4 ಗಂಟೆಗೆ 120 ಲೀಟರ್ ದ್ರವ ಹರಿಯುತ್ತದೆ. ಅದಕ್ಕೆ ಬೇಕಾದ ನೀರು ಆರ್‌ಓ ಘಟಕದಿಂದ ಪೈಪಿನಲ್ಲಿ ಬರುತ್ತದೆ. ಆ ನೀರಿನಲ್ಲಿ ಕ್ಲೋರಮಿನ್ ಉಳಿದರೆ ರೋಗಿಯ ರಕ್ತಕಣಗಳು ಒಡೆಯುತ್ತವೆ, ಲೈನಿನಲ್ಲಿ ನೀರು ನಿಂತ ಮೂಲೆ ಇದ್ದರೆ ಅಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. 2016ರಲ್ಲಿ ಕೇಂದ್ರದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದ ಮೇಲೆ ಜಿಲ್ಲಾ ಆಸ್ಪತ್ರೆಗಳಲ್ಲೂ ಈ ಯಂತ್ರಗಳು ಹೆಚ್ಚಾದವು. ರೋಗಿ ವಾರಕ್ಕೆ ಎರಡು-ಮೂರು ಸಲ, ವರ್ಷಗಟ್ಟಲೆ ಅದೇ ನರ್ಸ್ ಬಳಿ ಬರುತ್ತಾರೆ. ಯಂತ್ರ, ನೀರು, ಮನುಷ್ಯ ಮೂರನ್ನೂ ಬಲ್ಲವರು ಅಲ್ಲಿ ಬೇಕಾಗಿದ್ದಾರೆ.

ಸದ್ಯಕ್ಕೆ ಮಾಡಬೇಕಾದದ್ದು ಇಷ್ಟು. ಪಿಯುಸಿ ಮಾರ್ಕ್ಸ್‌ಕಾರ್ಡು ತೆಗೆದು ಇಂಗ್ಲಿಷ್ ಅಂಕವನ್ನೂ ಒಟ್ಟು ಶೇಕಡಾವಾರನ್ನೂ ನೋಡಿ. ವರ್ಗಾವಣೆ ಪತ್ರ, ಜಾತಿ-ಆದಾಯ ಪ್ರಮಾಣಪತ್ರ ಹೊಂದಿಸಿಡಿ, ವಿದ್ಯಾರ್ಥಿವೇತನಕ್ಕೆ ಅವು ಬೇಕಾಗುತ್ತವೆ. ಈ ವರ್ಷದ ಪ್ರವೇಶ ಪ್ರಕಟಣೆ ಬಂದಾಗ ಮೊದಲು ಸರ್ಕಾರಿ ನರ್ಸಿಂಗ್ ಶಾಲೆಗಳಿಗೆ ಅರ್ಜಿ ಹಾಕಿ, ಅಲ್ಲಿ ಫೀಸು ಕಡಿಮೆ, ರೋಗಿಗಳು ಹೆಚ್ಚು. ಮನಸ್ಸು ಇನ್ನೂ ಹೊಯ್ದಾಡುತ್ತಿದ್ದರೆ, ಪರಿಚಯದ ಆಸ್ಪತ್ರೆಯಲ್ಲಿ ಕೆಲವು ವಾರ ವಾರ್ಡ್ ಸಹಾಯಕರಾಗಿ ದುಡಿದು ನೋಡಿ, ರಾತ್ರಿ ಪಾಳಿಯನ್ನೂ ಸೇರಿಸಿ. ವಾಂತಿ, ಕೀವು, ಸಾವು ಇವುಗಳ ಎದುರು ನಿಂತ ಮೇಲೂ ಮರುದಿನ ಕೆಲಸಕ್ಕೆ ಹೋಗಬೇಕು ಅನ್ನಿಸಿದರೆ ಕಂಟ್ರಾಕ್ಟರಿಗೆ ತಿಳಿಸಿ, ಅರ್ಜಿ ಹಾಕಿ.